ಮರಿಯಮ್ಮನಿಗೆ ಸೀರೆ ಉಡಿಸಿದ ಕುಂಚ

ತೆನೆ ಹಬ್ಬ, ಬಾಂದ್ರಾ ಜಾತ್ರೆ ಎರಡೂ ಬಾಗಿಲಿಗೆ ಬಂದಿವೆ. ನಮ್ಮ ಮನೆಗಳ ಗೋಡೆಯ ಮೇಲೆ ಸೀರೆ ಉಟ್ಟು ನಿಂತ ಮರಿಯಮ್ಮ ಎಲ್ಲಿಂದ ಬಂದಳು? ಆ ಹಾದಿ ಹುಡುಕುತ್ತ ಹೋದರೆ ಮುಂಬೈಯ ಒಬ್ಬ ಕಲಾವಿದೆ ಸಿಗುತ್ತಾರೆ. ಏಂಜೆಲಾ ತ್ರಿಂದಾದ್. ಪೋಪ್ ಪದಕ ಕೊಟ್ಟು ಗೌರವಿಸಿದ ಈ ಹೆಣ್ಣುಮಗಳ ಹೆಸರು ಅವರದೇ ಊರಿಗೆ ಮರೆತುಹೋಗಿದೆ.

ಸೆಪ್ಟೆಂಬರ್ ಮೊದಲ ವಾರ. ಪೂರ್ತಿ ಬೆಳಕಾಗುವ ಮುಂಚೆಯೇ ನವಿ ಮುಂಬೈಯ ಕಳಂಬೋಲಿಯ ಹೆದ್ದಾರಿ ಬದಿಗೆ ಕರಾವಳಿಯ ರಾತ್ರಿ ಬಸ್ಸು ಬಂದು ನಿಲ್ಲುತ್ತದೆ. ಒಂದು ಕಡೆ ಕಬ್ಬಿಣದ ಪೇಟೆಗೆ ಹೊರಟ ಲಾರಿಗಳ ಸಾಲು, ಇನ್ನೊಂದು ಕಡೆ ಪುಣೆಗೆ ಹೊರಟವರ ಗಡಿಬಿಡಿ. ನಡುವೆ ಇಳಿದ ಹೆಂಗಸಿನ ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ಕಟ್ಟು. ಊರ ಗದ್ದೆಯ ಎಳೆಯ ಭತ್ತದ ತೆನೆ.

“ತೆನೆ ಬಂತಾ ಬಾಯಿ?” ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಬಂತು. ಸೆಪ್ಟೆಂಬರ್ 8, ಮೊಂತಿ ಫೆಸ್ತ್. ಮರಿಯಮ್ಮ ಹುಟ್ಟಿದ ದಿನ. ಉಡುಪಿ, ಮಂಗಳೂರು ಕಡೆಯಿಂದ ಬಂದು ನವಿ ಮುಂಬೈಯಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳಿಗೆ ಈ ದಿನ ಹೊಸ ಅಕ್ಕಿ ಊಟದ ಹಬ್ಬ. ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನ ಮುಂದೆ ಸುರಿಯುತ್ತಾರೆ. ಕೊನೆಯ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ಮೀನು ಮಾಂಸ ಇಲ್ಲದ ಊಟ.

ಅಂಥ ಮನೆಗಳ ದೇವರ ಪೀಠವನ್ನು ಗಮನಿಸಿ. ಒಂದು ಬದಿಗೆ ನೀಲಿ ಮೇಲುವಸ್ತ್ರ ಹೊದ್ದ ಯುರೋಪಿನ ಮರಿಯಮ್ಮನ ಪ್ರತಿಮೆ. ಅದರ ಪಕ್ಕದ ಕ್ಯಾಲೆಂಡರಿನಲ್ಲಿ ತಲೆ ಮೇಲೆ ಸೆರಗು ಹೊದ್ದು, ಮಗುವನ್ನು ಸೊಂಟದಲ್ಲಿಟ್ಟುಕೊಂಡ ಇನ್ನೊಬ್ಬ ಮರಿಯಮ್ಮ. ಎರಡರ ಮುಂದೆಯೂ ಅದೇ ಮೇಣದಬತ್ತಿ, ಅದೇ ಜಪಸರ. ಮನೆಯ ಯಾರಿಗೂ ಇದರಲ್ಲಿ ವಿಚಿತ್ರ ಕಾಣುವುದಿಲ್ಲ.

ನೂರು ವರ್ಷದ ಹಿಂದೆ ಖಂಡಿತ ಕಾಣುತ್ತಿತ್ತು.

ಮೊಣಕಾಲೂರಿದವಳು, ಪೀಠದ ಮೇಲಿದ್ದವಳು

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ವಸಾಯಿ, ಠಾಣೆ, ಬಾಂದ್ರಾ ಭಾಗದಲ್ಲಿ ಇಗರ್ಜಿಗಳನ್ನು ಕಟ್ಟಿದರು. ಅಲ್ಲಿ ಕ್ರೈಸ್ತರಾದ ಕೋಳಿ ಸಮುದಾಯದ ಮೀನುಗಾರರು, ರೈತರು, ಕುಶಲಕರ್ಮಿಗಳು ಮುಂದೆ ‘ಈಸ್ಟ್ ಇಂಡಿಯನ್’ ಎನಿಸಿಕೊಂಡರು. ಆ ಮನೆಗಳ ಹೆಂಗಸರು ಉಡುತ್ತಿದ್ದುದು ಲುಗಡೆ ಎಂಬ ಸೀರೆ. ಮಂಗಳೂರು ಕಡೆಯ ಕ್ರೈಸ್ತ ಮದುಮಗಳು ಕೆಂಪು ‘ಸಾಡೊ’ ಸೀರೆ ಉಟ್ಟು ಮದುವೆಯಾಗುತ್ತಿದ್ದಳು. ಅಂದರೆ ತಲೆಮಾರುಗಳ ಕಾಲ ಇಗರ್ಜಿಯಲ್ಲಿ ಮೊಣಕಾಲೂರಿ ಬೇಡುತ್ತಿದ್ದವಳು ಸೀರೆಯಲ್ಲಿದ್ದಳು, ಪೀಠದ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದವಳು ಇಟಲಿಯ ಉಡುಪಿನಲ್ಲಿದ್ದಳು.

ಭಕ್ತರು ತಮಗೆ ತೋಚಿದ ಹಾಗೆ ಈ ದೂರವನ್ನು ಕಡಿಮೆ ಮಾಡಿಕೊಂಡರು. ವೇಳಾಂಕಣಿಯಲ್ಲಿ ಪ್ರತಿಮೆಗೆ ಸೀರೆ ಉಡಿಸುತ್ತಾರೆ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ ಹಬ್ಬಕ್ಕೆ ಸೀರೆಯ ಹರಕೆ ಸಲ್ಲಿಸಲು ಜನ ಸಾಲುಗಟ್ಟುತ್ತಾರೆ. ಅಲ್ಲಿ ಜಾತಿ, ಧರ್ಮ ಯಾರೂ ಕೇಳುವುದಿಲ್ಲ.

ಆದರೆ ಪ್ರತಿಮೆಗೆ ಉಡಿಸಿದ ಸೀರೆಯನ್ನು ಬಿಚ್ಚಿದರೆ ಒಳಗಿರುವುದು ಮತ್ತೆ ಯುರೋಪಿನವಳೇ. ಮುಖ, ಮೈಬಣ್ಣ, ನಿಲುವು, ಕೈಯ ಮುದ್ರೆ ಎಲ್ಲವೂ ಈ ನೆಲದ್ದಾಗಬೇಕಾದರೆ ಅದು ಚಿತ್ರಕಾರರ ಕೆಲಸ. ಲಕ್ಷ್ಮಿ, ಸರಸ್ವತಿಯರಿಗೆ ಆ ಕೆಲಸವನ್ನು ರಾಜಾ ರವಿವರ್ಮ ಮಾಡಿದ್ದರು. ಅವರ ಅಚ್ಚುಕೂಟ 1894ರಲ್ಲಿ ಘಾಟ್ಕೋಪರಿನಲ್ಲಿ ಶುರುವಾಗಿ ಆಮೇಲೆ ಲೋಣಾವಳ ಬಳಿಯ ಮಳವಲಿಗೆ ಹೋಯಿತು. ಇಂದು ಕಳಂಬೋಲಿಯಿಂದ ಹೊರಡುವ ಎಕ್ಸ್‌ಪ್ರೆಸ್‌ವೇ ಹಾಯುವ ಸೀಮೆ ಅದು. ಅಲ್ಲಿ ಅಚ್ಚಾದ ಬಣ್ಣದ ಪಟಗಳು ದೇಶದ ಗೋಡೆಗಳನ್ನೆಲ್ಲ ತುಂಬಿದವು. ಮರಿಯಮ್ಮನ ಪಟಗಳು ಮಾತ್ರ ಹಡಗಿನಲ್ಲಿ ಬರುತ್ತಲೇ ಇದ್ದವು.

ಅಪ್ಪನ ಶಾಲೆ, ಮಗಳ ಕುಂಚ

ಏಂಜೆಲಾ ಹುಟ್ಟಿದ್ದು 1909ರಲ್ಲಿ. ತಂದೆ ಆಂಟೋನಿಯೊ ಝೇವಿಯರ್ ತ್ರಿಂದಾದ್ ಗೋವಾದ ಸಾಂಗೆಯವರು, ಹುಟ್ಟಿದ ವರ್ಷ 1870. ಚಿತ್ರಕಲೆ ಕಲಿಯಲು ಮುಂಬೈಗೆ ಬಂದು ಸರ್ ಜೆ.ಜೆ. ಕಲಾಶಾಲೆ ಸೇರಿದ ಹುಡುಗ, ಅದೇ ಸಂಸ್ಥೆಯಲ್ಲಿ ಗುರುವಾದರು. ತೈಲವರ್ಣದ ಭಾವಚಿತ್ರದಲ್ಲಿ ಅವರ ಹಿಡಿತ ಎಷ್ಟಿತ್ತೆಂದರೆ ಅವರನ್ನು ‘ಪೂರ್ವದ ರೆಂಬ್ರಾಂಟ್’ ಎಂದು ಕರೆದರು. 1920ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು.

ಅವರ ಚಿತ್ರಗಳಿಗೆ ಮಾದರಿಯಾಗಿ ಕೂತವರಲ್ಲಿ ಹೆಂಡತಿ ಫ್ಲೊರೆಂಟಿನಾ, ಹೆಣ್ಣುಮಕ್ಕಳು ಎಲ್ಲ ಇದ್ದಾರೆ. ಮನೆಯ ದೀಪದ ಬೆಳಕು ಕೆನ್ನೆಯ ಮೇಲೆ ಹೇಗೆ ಬೀಳುತ್ತದೆ, ಬಟ್ಟೆಯ ಮಡಿಕೆಯಲ್ಲಿ ನೆರಳು ಎಲ್ಲಿ ಗಟ್ಟಿಯಾಗುತ್ತದೆ ಎಂಬುದನ್ನು ಏಂಜೆಲಾ ಶಾಲೆಗೆ ಹೋಗಿ ಕಲಿಯುವ ಮೊದಲೇ ಮನೆಯಲ್ಲಿ ನೋಡಿ ಬೆಳೆದರು. ಆಮೇಲೆ ತಾವೂ ಜೆ.ಜೆ. ಸೇರಿದರು.

ಆಗ ಹೆಣ್ಣುಮಕ್ಕಳು ಕಲಾಶಾಲೆಗೆ ಹೋಗುವುದು ಅಪರೂಪ. ಹೋದವರಲ್ಲಿ ಕೆಲವರಿಗೆ ಅಪ್ಪನ ಹೆಸರೇ ಬಾಗಿಲು ತೆರೆಯಿತು. ಖ್ಯಾತ ಚಿತ್ರಕಾರ ಎಂ.ವಿ. ಧುರಂಧರರ ಮಗಳು ಅಂಬಿಕಾ ಧುರಂಧರ್ ಕೂಡ ಅದೇ ಶಾಲೆಯಿಂದ ಡಿಪ್ಲೊಮಾ ಪಡೆದರು. ಬಾಗಿಲು ತೆರೆದ ಆ ಹೆಸರೇ ಮುಂದೆ ನೆರಳಾಗಿ ಕವಿಯಿತು. ಇಬ್ಬರ ಬಗ್ಗೆಯೂ ಬರೆಯುವವರು ಮೊದಲ ಸಾಲಿನಲ್ಲೇ ‘ಇಂಥವರ ಮಗಳು’ ಎಂದು ಶುರುಮಾಡುತ್ತಾರೆ. ಇಲ್ಲೂ ಅದನ್ನು ಹೇಳದೆ ಮುಂದೆ ಹೋಗಲಾಗಲಿಲ್ಲ, ಯಾಕೆಂದರೆ ಅಪ್ಪನಿಂದ ಕಲಿತದ್ದನ್ನು ಏಂಜೆಲಾ ಎಲ್ಲಿ ಬಿಟ್ಟರು ಎಂಬುದರಲ್ಲೇ ಅವರ ಕತೆ ಇದೆ. ತಂದೆ 1935ರಲ್ಲಿ ತೀರಿಕೊಂಡರು.

*ಬಾಕ್ಸ್: ಮೋತ್ ಮಾವುಲಿ*
*ಬಾಂದ್ರಾ ಗುಡ್ಡದ ಮೌಂಟ್ ಮೇರಿಯನ್ನು ಕೋಳಿ ಜನ ಕರೆಯುವುದು ‘ಮೋತ್ ಮಾವುಲಿ’ ಎಂದು. ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ಎಂಟು ದಿನ ಅಲ್ಲಿ ಜಾತ್ರೆ. ಈಗಿನ ಕಟ್ಟಡ 1904ರದ್ದು, ಅದರ ವಿನ್ಯಾಸ ಮಾಡಿದವರು ಪಾರ್ಸಿ ವಾಸ್ತುಶಿಲ್ಪಿ ಶಾಪೂರ್ಜಿ ಚಂದಾಭಾಯ್. 1954ರಲ್ಲಿ ಇದಕ್ಕೆ ಬೆಸಿಲಿಕಾ ಪದವಿ ಸಿಕ್ಕಿತು. ಕೈ, ಕಾಲು, ಮನೆ, ತೊಟ್ಟಿಲು ಹೀಗೆ ಹರಕೆಗೆ ತಕ್ಕ ಆಕಾರದ ಮೇಣದ ಬೊಂಬೆಗಳನ್ನು ಇಲ್ಲಿ ಒಪ್ಪಿಸುತ್ತಾರೆ. ಕಳಂಬೋಲಿಯವರು ಹಾರ್ಬರ್ ಲೈನ್ ಹಿಡಿದು, ವಡಾಲಾದಲ್ಲಿ ಗಾಡಿ ಬದಲಿಸಿ ಹೋಗುತ್ತಾರೆ.*

ಎಣ್ಣೆಬಣ್ಣದಿಂದ ರೇಖೆಗೆ

ಜೆ.ಜೆ. ಶಾಲೆ ಕಲಿಸುತ್ತಿದ್ದುದು ಯುರೋಪಿನ ವಾಸ್ತವ ಶೈಲಿ. ಕಣ್ಣಿಗೆ ಕಂಡಂತೆ ಬರೆಯಬೇಕು, ಬೆಳಕು ನೆರಳಿನಿಂದ ಮೈಯ ಉಬ್ಬುತಗ್ಗು ಬರಬೇಕು. ಅತ್ತ ಬಂಗಾಳದಲ್ಲಿ ಅವನೀಂದ್ರನಾಥ ಟಾಗೋರ್ ಮತ್ತು ಸಂಗಡಿಗರು ಅಜಂತಾ, ಮೊಗಲ್ ಚಿತ್ರಗಳ ಕಡೆ ತಿರುಗಿದ್ದರು. ಆ ಗಾಳಿ ಮುಂಬೈಗೂ ಬೀಸಿತು. ಶಾಲೆಯ ಮುಖ್ಯಸ್ಥ ಗ್ಲ್ಯಾಡ್‌ಸ್ಟನ್ ಸಾಲೊಮನ್ ಭಿತ್ತಿಚಿತ್ರಕ್ಕೆ, ಭಾರತೀಯ ಮಾದರಿಯ ಅಲಂಕಾರಿಕ ಚಿತ್ರಕ್ಕೆ ಪ್ರೋತ್ಸಾಹ ಕೊಟ್ಟರು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೋದ ಕೆ.ಕೆ. ಹೆಬ್ಬಾರರು 1930ರ ದಶಕದಲ್ಲಿ ಇದೇ ಶಾಲೆಯಲ್ಲಿ ಕಲಿತು, ಯುರೋಪಿನ ಕೌಶಲಕ್ಕೂ ನಮ್ಮ ರೇಖೆಗೂ ನಡುವೆ ತಮ್ಮದೇ ದಾರಿ ಹುಡುಕಿದರೆಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಏಂಜೆಲಾ ಮುಂದಿದ್ದ ಪ್ರಶ್ನೆಯೂ ಅದೇ. ಆದರೆ ಅವರಿಗೆ ಅದು ಪ್ರಾರ್ಥನೆಯ ಪ್ರಶ್ನೆಯೂ ಆಗಿತ್ತು.

ತೈಲವರ್ಣದ ಭಾವಚಿತ್ರ ಬರೆದು ಹೆಸರು, ಹಣ ಎರಡನ್ನೂ ಗಳಿಸಬಹುದಿತ್ತು. ಅದನ್ನೂ ಅವರು ಮಾಡಿದರು. ಮನಸ್ಸು ತಿರುಗಿದ್ದು ಮಾತ್ರ ಬೇರೆ ಕಡೆ. ಬೈಬಲಿನ ಪ್ರಸಂಗಗಳನ್ನು, ಅದರಲ್ಲೂ ಮರಿಯಮ್ಮನನ್ನು, ಭಾರತೀಯ ರೇಖೆಯಲ್ಲಿ ಬರೆಯತೊಡಗಿದರು. ಎಣ್ಣೆಬಣ್ಣದ ಭಾರ ಇಳಿಯಿತು. ನೆರಳು ತೆಳುವಾಯಿತು. ರೇಖೆ ಮಾತಾಡತೊಡಗಿತು.

ಸೀರೆ ಚಿತ್ರಕಾರನಿಗೆ ಏನು ಕೊಡುತ್ತದೆ ಎಂದು ಇಲ್ಲಿ ಒಂದು ಕ್ಷಣ ಯೋಚಿಸಬೇಕು. ಯುರೋಪಿನ ಮರಿಯಮ್ಮನ ಮೇಲುವಸ್ತ್ರ ಭಾರದ್ದು. ದಪ್ಪ ಮಡಿಕೆಗಳಾಗಿ ನೆಲಕ್ಕೆ ಬೀಳುತ್ತದೆ, ಮೈಯನ್ನು ಸ್ತಂಭದಂತೆ ನಿಲ್ಲಿಸುತ್ತದೆ. ಸೀರೆಯ ಅಂಚು ಹಾಗಲ್ಲ. ಅದು ಒಂದೇ ಉದ್ದದ ಗೆರೆ. ಪಾದದಿಂದ ಹೊರಟು, ನೆರಿಗೆಯಲ್ಲಿ ಸುಳಿದು, ಸೊಂಟ ಬಳಸಿ, ಎದೆ ಹಾದು, ತಲೆಯ ಮೇಲೆ ಸೆರಗಾಗಿ ಮುಗಿಯುತ್ತದೆ. ನೋಡುವವರ ಕಣ್ಣನ್ನು ಆ ಗೆರೆ ತಾನಾಗಿ ಮುಖದ ಕಡೆಗೆ, ಮಗುವಿನ ಕಡೆಗೆ ಒಯ್ಯುತ್ತದೆ. ತಲೆ ಮುಚ್ಚಿದ ಸೆರಗು ಹೇಗೂ ಇಗರ್ಜಿಗೆ ಹೊರಟ ನಮ್ಮ ಹೆಂಗಸರ ದಿನದಿನದ ರೂಢಿ. ಹೀಗೆ ಶೈಲಿಗೆ ಬೇಕಾದದ್ದೂ ಭಕ್ತಿಗೆ ಬೇಕಾದದ್ದೂ ಒಂದೇ ಬಟ್ಟೆಯಲ್ಲಿ ಸಿಕ್ಕಿತು. ಏಂಜೆಲಾ ಅವರ ಮರಿಯಮ್ಮನನ್ನು ‘ವೇಷ ಬದಲಿಸಿದ ಮಡೋನಾ’ ಎನ್ನುವವರು ಈ ಗೆರೆಯನ್ನು ಗಮನಿಸಿಲ್ಲ ಎಂದೇ ನನ್ನ ಭಾವನೆ.

ಒಂಟಿ ದಾರಿಯಲ್ಲ, ಸುಲಭದ ದಾರಿಯೂ ಅಲ್ಲ

ಈ ಹಾದಿಯಲ್ಲಿ ಏಂಜೆಲಾ ಮೊದಲಿಗರೆಂದು ಹೇಳಿದರೆ ತಪ್ಪಾಗುತ್ತದೆ. ಅಕ್ಬರನ ಕಾಲದಲ್ಲೇ, 1580ರಲ್ಲಿ ಆಸ್ಥಾನಕ್ಕೆ ಬಂದ ಜೆಸುಯಿಟ್ ಪಾದ್ರಿಗಳು ತಂದ ಅಚ್ಚುಚಿತ್ರಗಳನ್ನು ನೋಡಿ ಮೊಗಲ್ ಚಿತ್ರಕಾರರು ಮರಿಯಮ್ಮನನ್ನು ಬರೆದಿದ್ದರು. ಏಂಜೆಲಾ ಅವರ ಕಾಲದಲ್ಲಿ ಗೋವಾದ ಏಂಜೆಲೊ ಡ ಫೊನ್ಸೆಕಾ, ಉತ್ತರ ಭಾರತದ ಆಲ್ಫ್ರೆಡ್ ಥಾಮಸ್ ಇದೇ ಕೆಲಸದಲ್ಲಿದ್ದರು. ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಸಂಶೋಧನಾ ಸಂಸ್ಥೆ ಕಟ್ಟಿದ ಸ್ಪೇನಿನ ಜೆಸುಯಿಟ್ ಪಾದ್ರಿ ಹೆನ್ರಿ ಹೆರಾಸ್ ಈ ಪೀಳಿಗೆಯ ಬೆನ್ನಿಗೆ ನಿಂತವರು. ಸಿಂಧೂ ಲಿಪಿಯ ಹಿಂದೆ ಬಿದ್ದ ವಿದ್ವಾಂಸರೆಂದು ಅವರನ್ನು ಬಲ್ಲವರಿಗೆ ಈ ಮುಖ ಅಷ್ಟಾಗಿ ಪರಿಚಯವಿಲ್ಲ.

ವಿರೋಧವೂ ಇತ್ತು. ಸೀರೆಯ ಮರಿಯಮ್ಮನನ್ನು ಬರೆದ ಫೊನ್ಸೆಕಾ ಗೋವಾದಲ್ಲಿ ಉಗ್ರ ಟೀಕೆ ಎದುರಿಸಿ, ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ ನೆಲೆ ಕಂಡುಕೊಂಡರು. ‘ಇದು ಹಿಂದೂ ದೇವತೆಯ ಹಾಗಿದೆ’ ಎಂಬುದು ಆಗಿನ ಆಕ್ಷೇಪ. ಅಂಥ ವಾತಾವರಣದಲ್ಲಿ ಇಗರ್ಜಿಗೆ ನಡೆದುಕೊಳ್ಳುವ ಹೆಣ್ಣುಮಗಳೊಬ್ಬರು ಕುಂಚ ಹಿಡಿದು ಅದೇ ಕೆಲಸವನ್ನು ದಶಕಗಳ ಕಾಲ ಬಿಡದೆ ಮಾಡಿದರು. ಈ ಛಲಕ್ಕೆ ನಾವು ಕೊಡಬೇಕಾದ ಬೆಲೆಯನ್ನು ಇನ್ನೂ ಕೊಟ್ಟಿಲ್ಲ.

ಇತ್ತೀಚಿನ ದಶಕಗಳಲ್ಲಿ ಬಂದ ಇನ್ನೊಂದು ಆಕ್ಷೇಪ ಮಾತ್ರ ತೂಕದ್ದು. ಭಾರತೀಯತೆ ಎಂದರೆ ಕಮಲ, ದೀಪ, ಅಜಂತಾದ ಬೆರಳು ಮಾತ್ರವೇ? ಕ್ರೈಸ್ತರಲ್ಲಿ ದೊಡ್ಡ ಪಾಲು ದಲಿತರು, ಮೀನುಗಾರರು, ಕೂಲಿಗಳಾಗಿರುವಾಗ ಮರಿಯಮ್ಮ ಯಾಕೆ ಯಾವಾಗಲೂ ಮೇಲ್ವರ್ಗದ ಗೃಹಿಣಿಯಂತೆ ಕಾಣಬೇಕು? ದಲಿತ ದೇವಶಾಸ್ತ್ರದ ಚಿಂತಕರು ಎತ್ತಿದ ಈ ಪ್ರಶ್ನೆ ಏಂಜೆಲಾ ಅವರ ಪೀಳಿಗೆಗೆ ಪೂರ್ತಿ ಅನ್ವಯಿಸುತ್ತದೆ. ಕಚ್ಚೆ ಹಾಕಿ ಲುಗಡೆ ಉಟ್ಟು, ತಲೆ ಮೇಲೆ ಮೀನಿನ ಬುಟ್ಟಿ ಹೊತ್ತ ಮೋತ್ ಮಾವುಲಿಯನ್ನು ಯಾರಾದರೂ ಬರೆಯಬೇಕಿತ್ತು. ಆದರೂ ಮೊದಲ ಬಾಗಿಲು ತೆರೆದವರನ್ನು, ಎರಡನೆಯ ಬಾಗಿಲು ತೆರೆಯಲಿಲ್ಲವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ರೋಮಿನವರೆಗೆ

ಎರಡನೆಯ ಮಹಾಯುದ್ಧ ಮುಗಿದು ವಸಾಹತುಗಳು ಒಂದೊಂದಾಗಿ ಬಿಡುಗಡೆಯಾಗುತ್ತಿದ್ದ ಹೊತ್ತು. ಏಷ್ಯಾ, ಆಫ್ರಿಕಾದ ಕ್ರೈಸ್ತರು ತಮ್ಮದೇ ರೂಪಗಳಲ್ಲಿ ಪ್ರಾರ್ಥಿಸಬಹುದೆಂಬ ಮಾತು ರೋಮಿನಲ್ಲೂ ಕೇಳತೊಡಗಿತ್ತು. ಚೀನಾದಲ್ಲಿ ವರ್ಷಗಟ್ಟಲೆ ಇದ್ದು ಅಲ್ಲಿಯ ಚಿತ್ರಕಾರರನ್ನು ಬೆಳೆಸಿದ ಚೆಲ್ಸೊ ಕೊಸ್ತಾಂತೀನಿ ಎಂಬ ಧರ್ಮಾಧಿಕಾರಿ ಅದರ ಮುಂದಾಳು. 1950ರ ಪವಿತ್ರ ವರ್ಷದಲ್ಲಿ ವ್ಯಾಟಿಕನ್ನಿನಲ್ಲಿ ಮಿಷನ್ ನಾಡುಗಳ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ಭಾರತೀಯ ಕ್ರೈಸ್ತ ಚಿತ್ರಗಳು ಅಲ್ಲಿ ಜಗತ್ತಿನ ಕಣ್ಣಿಗೆ ಬಿದ್ದವು.

ಐದು ವರ್ಷಗಳ ನಂತರ, 1955ರಲ್ಲಿ, ಪೋಪ್ ಹನ್ನೆರಡನೆಯ ಪಯಸ್ ಏಂಜೆಲಾ ಅವರಿಗೆ ‘ಪ್ರೊ ಎಕ್ಲೇಸಿಯಾ ಎತ್ ಪೊಂತಿಫಿಚೆ’ ಪದಕ ಕೊಟ್ಟು ಗೌರವಿಸಿದರು. ಸನ್ಯಾಸಿನಿಯಾಗದೆ, ಯಾವ ಮಠದ ಆಸರೆಯೂ ಇಲ್ಲದೆ ದುಡಿದ ಹೆಣ್ಣುಮಗಳಿಗೆ ಸಂದ ಮನ್ನಣೆ ಇದು.

*ಬಾಕ್ಸ್: ಪದಕದ ಹಿನ್ನೆಲೆ*
*ಹದಿಮೂರನೆಯ ಲಿಯೋ ಪೋಪ್ ಆಗಿದ್ದಾಗ, 1888ರಲ್ಲಿ ಶುರುವಾದ ಗೌರವ ಇದು. ಚರ್ಚಿಗಾಗಿ ವಿಶೇಷ ಸೇವೆ ಮಾಡಿದವರಿಗೆ ಸಲ್ಲುತ್ತದೆ. ಪೋಪ್ ಕೊಡುವ ಮನ್ನಣೆಗಳಲ್ಲಿ ಹೆಂಗಸರಿಗೂ ಮೊದಲಿಂದ ಮುಕ್ತವಾಗಿದ್ದುದು ಇದರ ಹೆಚ್ಚುಗಾರಿಕೆ.*

ಈಗ ತೇದಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಸ್ಥಳೀಯ ಭಾಷೆ, ಸ್ಥಳೀಯ ಕಲೆಗೆ ಅಧಿಕೃತವಾಗಿ ಬಾಗಿಲು ತೆರೆದ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಪೋಪ್ ಆರನೆಯ ಪಾಲ್ ಮುಂಬೈಗೆ ಬಂದದ್ದು 1964ರ ಡಿಸೆಂಬರಿನಲ್ಲಿ. ಪರಮಪ್ರಸಾದ ಮಹಾಸಮ್ಮೇಳನಕ್ಕೆ ಬಂದ ಅವರು ಇಲ್ಲಿ ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು ನೆನೆದರು. ಪೂಜೆಯಲ್ಲಿ ಆರತಿ ಎತ್ತಲು, ಎಣ್ಣೆದೀಪ ಹಚ್ಚಲು, ಕೈಮುಗಿಯಲು, ನೆಲದ ಮೇಲೆ ಕೂರಲು ಭಾರತದ ಚರ್ಚಿಗೆ ರೋಮಿನ ಒಪ್ಪಿಗೆ ಸಿಕ್ಕಿದ್ದು 1969ರಲ್ಲಿ. ಏಂಜೆಲಾ ಅವರ ಮರಿಯಮ್ಮ ಅದಕ್ಕೂ ಎಷ್ಟೋ ವರ್ಷ ಮುಂಚೆ ಸೀರೆ ಉಟ್ಟು ನಿಂತಾಗಿತ್ತು. ಚರ್ಚಿನ ಕಾನೂನು ಕುಂಚದ ಹಿಂದಿನಿಂದ ನಡೆದು ಬಂತು.

*ಬಾಕ್ಸ್: ಕನ್ನಡ ನೆಲದಲ್ಲಿ*
*1967ರಲ್ಲಿ ಫಾದರ್ ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ಬೈಬಲ್, ಧರ್ಮಬೋಧೆ, ಪೂಜಾವಿಧಿಗಳಿಗಾಗಿ ಕಟ್ಟಿದ ಎನ್‌.ಬಿ.ಸಿ.ಎಲ್‌.ಸಿ. ಕೇಂದ್ರದ ಪ್ರಾರ್ಥನಾಲಯ ದೇವಸ್ಥಾನದ ವಿನ್ಯಾಸವನ್ನು ನೆನಪಿಸುತ್ತದೆ. ನಗರದ ಹೊರವಲಯದ ಸಿಲ್ವೆಪುರದಲ್ಲಿ ಚಿತ್ರಕಾರ ಜ್ಯೋತಿ ಸಾಹಿ ಕಲಾ ಆಶ್ರಮ ಸ್ಥಾಪಿಸಿದರು. ಬೆಂಗಳೂರಿನಲ್ಲೇ ನೆಲೆಸಿದ್ದ ಸನ್ಯಾಸಿನಿ ಸಿಸ್ಟರ್ ಕ್ಲೇರ್ ಬೈಬಲಿನ ಕತೆಗಳನ್ನು ಜನಪದದ ದಟ್ಟ ಬಣ್ಣಗಳಲ್ಲಿ ಬರೆದು ಮನೆಮಾತಾದರು. ಅವರ ಮರಿಯಮ್ಮ ಹಳ್ಳಿಯ ಹೆಣ್ಣು.*

ತ್ರಿಕೋನದ ಕೊನೆಯ ದಿನಗಳು

ಪದಕ ಬಂದ ಮೇಲೆ ಅದೇ ಶೈಲಿಯಲ್ಲಿ ಬರೆಯುತ್ತ ಹೋಗಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಮುಂಬೈಯಲ್ಲಿ ಆಗ ಆಧುನಿಕ ಚಿತ್ರಕಲೆಯ ಅಬ್ಬರ. ಹುಸೇನ್, ರಜಾ, ಗೋವಾ ಮೂಲದ ಸೋಝಾ ಹಳೆಯ ರೀತಿಗಳನ್ನೆಲ್ಲ ಒಡೆದು ಹಾಕಿದ್ದರು. ಏಂಜೆಲಾ ತಮ್ಮ ನಡುವಯಸ್ಸು ದಾಟಿದ ಮೇಲೆ ಮತ್ತೊಮ್ಮೆ ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿದರು.

ಈ ಸಲ ರೂಪಗಳೆಲ್ಲ ತ್ರಿಕೋನಗಳಾದವು. ಮುಖ, ಮೈ, ಆಕಾಶ ಎಲ್ಲವನ್ನೂ ಮೂರು ಮೂಲೆಯ ತುಂಡುಗಳಾಗಿ ಕತ್ತರಿಸಿ, ಗಾಜಿನ ಕಿಟಕಿಯ ಹಾಗೆ ಮತ್ತೆ ಜೋಡಿಸಿದರು. ಕ್ಯೂಬಿಸ್ಟರು ಇಂಥದ್ದನ್ನು ಮಾಡಿದ್ದರು ನಿಜ. ಏಂಜೆಲಾ ಅವರಿಗೆ ಮೂರು ಮೂಲೆ ಎಂದರೆ ತಂದೆ, ಮಗ, ಪವಿತ್ರಾತ್ಮ. ಪೋರ್ಚುಗೀಸಿನಲ್ಲಿ ಅವರ ಮನೆತನದ ಹೆಸರಿನ ಅರ್ಥವೂ ತ್ರಿತ್ವ. ಹೀಗಾಗಿ ಈ ಶೈಲಿಗೆ ‘ತ್ರಿಂದಾದಿಸಂ’ ಎಂಬ ಹೆಸರೇ ಬಿತ್ತು.

ಈ ಘಟ್ಟದ ಚಿತ್ರಗಳ ಬಗ್ಗೆ ಮಾತಾಡುವವರು ಕಡಿಮೆ. ಸೀರೆಯ ಮರಿಯಮ್ಮ ಎಲ್ಲರಿಗೂ ತಟ್ಟನೆ ಇಷ್ಟವಾಗುತ್ತಾಳೆ, ತ್ರಿಕೋನದ ದೇವರು ಆಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಮಾತ್ರ ಇದು ಅವರ ಬದುಕಿನ ಅತಿ ಧೈರ್ಯದ ಹೆಜ್ಜೆ. ಮೊದಲು ಅಪ್ಪನ ಶೈಲಿ ಬಿಟ್ಟರು, ಆಮೇಲೆ ತಮಗೆ ಕೀರ್ತಿ ತಂದ ಶೈಲಿಯನ್ನೇ ಬಿಟ್ಟರು. ಬಿಡದೆ ಉಳಿದದ್ದು ನಂಬಿಕೆ ಒಂದೇ.

1980ರಲ್ಲಿ ಏಂಜೆಲಾ ತೀರಿಕೊಂಡರು. ಮುಂಬೈಯ ಪತ್ರಿಕೆಗಳಿಗೆ, ಕಲಾವಲಯಕ್ಕೆ ಅವರ ಹೆಸರು ನಿಧಾನವಾಗಿ ದೂರವಾಯಿತು.

ಪಣಜಿಯಲ್ಲಿ ಅಪ್ಪ, ಮಗಳು

ಚಿತ್ರಗಳು ಚದುರಿ ಹೋಗದೆ ಉಳಿದದ್ದಕ್ಕೆ ತಂಗಿ ಎಸ್ತರ್ ಕಾರಣ. ಅಪ್ಪನ, ಅಕ್ಕನ ಕೆಲಸವನ್ನು ಕಾಪಾಡಿಕೊಂಡು ಬಂದವರು ಅವರು. ಅವರ ಹೆಸರಿನ ಟ್ರಸ್ಟಿನ ಮೂಲಕ 2004ರಲ್ಲಿ ಈ ಸಂಗ್ರಹ ಪೋರ್ಚುಗಲ್ ಮೂಲದ ಫುಂಡಾಸಾಂವ್ ಓರಿಯೆಂತೆ ಸಂಸ್ಥೆಯ ಕೈಸೇರಿತು. ಪಣಜಿಯ ಫೊಂತೈನ್ಯಾಸ್ ಬಡಾವಣೆಯ, ಬಣ್ಣಬಣ್ಣದ ಹಳೆಯ ಮನೆಗಳ ನಡುವಿನ ಆ ಸಂಸ್ಥೆಯ ಕಟ್ಟಡದಲ್ಲಿ ಈಗ ಅಪ್ಪ, ಮಗಳು ಇಬ್ಬರ ಚಿತ್ರಗಳೂ ಇವೆ. ಪನ್ವೇಲಿನಲ್ಲಿ ಕೊಂಕಣ ರೈಲು ಹತ್ತಿದರೆ ಕರ್ಮಳಿಯಲ್ಲಿ ಇಳಿದು ಹೋಗಿ ನೋಡಬಹುದು.

ಆದರೆ ಅದಕ್ಕಾಗಿ ಗೋವಾಕ್ಕೆ ಹೋಗಬೇಕೆ ಎಂಬುದು ನನ್ನ ಪ್ರಶ್ನೆ. ಏಂಜೆಲಾ ಕಲಿತದ್ದು ಮುಂಬೈಯಲ್ಲಿ, ಕುಂಚ ಪಳಗಿದ್ದು ಈ ಊರಿನಲ್ಲಿ. ಗೋರೆಗಾಂವಿನಲ್ಲಿ ಮುಂಬೈ ಮಹಾಧರ್ಮಪ್ರಾಂತ್ಯದ್ದೇ ಒಂದು ಪರಂಪರೆ ವಸ್ತುಸಂಗ್ರಹಾಲಯವಿದೆ. ಜೆ.ಜೆ. ಶಾಲೆ ತನ್ನ ಹಳೆಯ ಕಟ್ಟಡದಲ್ಲಿ ಇಂದಿಗೂ ನಡೆಯುತ್ತಿದೆ. ಬಾಂದ್ರಾದ ಗುಡ್ಡಕ್ಕೆ ಆ ಎಂಟು ದಿನ ಲಕ್ಷಾಂತರ ಜನ ಹತ್ತುತ್ತಾರೆ. ಈ ಮೂರರಲ್ಲಿ ಯಾವುದಾದರೊಂದು ಜಾಗದಲ್ಲಿ, ಸೆಪ್ಟೆಂಬರಿನ ಈ ಹಬ್ಬದ ವಾರಗಳಲ್ಲಿ, ಏಂಜೆಲಾ ಅವರ ಸೀರೆಯ ಮರಿಯಮ್ಮನನ್ನೂ ತ್ರಿಕೋನದ ಚಿತ್ರಗಳನ್ನೂ ತಂದು ತೂಗುಹಾಕಬೇಕು. ಪಣಜಿಯಿಂದ ಎರವಲು ತರುವುದು ಕಷ್ಟದ ಕೆಲಸವೇನಲ್ಲ. ಚಿತ್ರದ ಕೆಳಗಿನ ಚೀಟಿಯಲ್ಲಿ ಮೊದಲು ಅವರ ಹೆಸರಿರಲಿ, ಅಪ್ಪನ ಹೆಸರು ಆಮೇಲೆ ಬರಲಿ.